ಸವೆದ ಉಳಿ

“ಮುಟ್ಟಿ ನೋಡಿ ಉಸ್ತಾದ್, ಹನ್ನೆರಡು ಉಳಿಯೂ ಜಪಾನಿನವು. ಒಂದನ್ನೂ ಇನ್ನೂ ಮರಕ್ಕೆ ತಾಗಿಸಿಲ್ಲ,” ಎನ್ನುತ್ತ, ಉಳಿ ಕೂಡಿಡುವ ಹವ್ಯಾಸದ ಹಲ್ಲಿನ ಡಾಕ್ಟರ್ ರುಶ್ದಿ ಮಖಮಲ್ಲಿನ ಪೆಟ್ಟಿಗೆ ತೆರೆದರು.

“ಯಾಕೆ ಡಾಕ್ಟರೇ, ಮರ ಕಚ್ಚತ್ತಾ?” ಎಂದ ಬಡಗಿ ಮಿತ್ವಲ್ಲಿ. ನೆಲದಲ್ಲೇ ಕೂತು, ಬಿಲ್ಲಿನ ಹುರಿಯಿಂದ ಮರದ ತುಂಡನ್ನು ತಿರುಗಿಸುತ್ತ, ಎಡಗೈಗೂ ಕಾಲಿನ ಹೆಬ್ಬೆರಳಿಗೂ ನಡುವೆ ಹಿಡಿದ ತನ್ನ ಉಳಿಯನ್ನು ತಾಗಿಸಿದ. ನಾಲ್ಕೇ ಎಳೆತಕ್ಕೆ ಆಲಿವ್ ಕಾಯಿಯಂಥ ನುಣುಪು ಮಣಿ ಮೂಡಿತು.

ಡಾಕ್ಟರು ಆ ಉಳಿಯನ್ನು ಇಸಿದುಕೊಂಡರು. ಬೆರಳುದ್ದವೂ ಇರಲಿಲ್ಲ. “ಇಷ್ಟು ಗಿಡ್ಡದು ಎಲ್ಲಿ ಸಿಗತ್ತೆ?”

“ಅಪ್ಪ ಕೊಟ್ಟಾಗ ಮೊಳದುದ್ದ ಇತ್ತು. ಮಸೆದೂ ಮಸೆದೂ ಇಷ್ಟಾಯ್ತು.”

“ಸವೆದದ್ದೆಲ್ಲ ಎಲ್ಲಿ ಹೋಯ್ತು?”

ಮಿತ್ವಲ್ಲಿ ಗದ್ದ ಎತ್ತಿ ಹೊರಗೆ ತೋರಿಸಿದ. ಕೈರೋದ ಆ ಓಣಿಯುದ್ದಕ್ಕೂ, ಮಹಡಿ ಮಹಡಿಯ ಕಿಟಕಿಯಲ್ಲೂ, ಅದೇ ಮಣಿಗಳ ಜಾಲರಿ. ಡಾಕ್ಟರು ಆ ತುಂಡು ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದರು.