ಮಿಲಿಟರಿ ಗಾಡಿಗೆ ಹೊಸ ಎಂಜಿನ್

ಡೀಸೆಲ್ ವಾಸನೆ ಬಂದರೆ ಇವತ್ತಿಗೂ ಶಂಕರಪುರದ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ. ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಅಪ್ಪ, ಮಿಲಿಟರಿಯವರು ಹರಾಜು ಹಾಕಿದ ಹಳೇ ಪಿಕಪ್ ತಂದು, ತುಕ್ಕು ಕೆರೆದು, ಡೀಸೆಲ್ ಎಂಜಿನ್ ಕೂರಿಸಿದ್ದರು. ತರಕಾರಿ ಸಾಗಿಸಿ ಸಂಸಾರ ನಡೆಸುವ ಆಸೆ ಅವರಿಗೆ.

ಅವತ್ತು ಏನು ಮಾಡಿದರೂ ಅದು ಕೆಮ್ಮಿ ಸುಮ್ಮನಾಗುತ್ತಿತ್ತು. ಅಪ್ಪ ಸೀಟಿನಲ್ಲೇ ಕುಸಿದು ಕೂತರು. ಮೊದಲಿಂದಲೂ ಈ ಗಾಡಿಯೇ ಬೇಡವೆಂದಿದ್ದ ಅಮ್ಮ ಸೆರಗು ಸಿಕ್ಕಿಸಿ ಬಂದಳು.

“ಇಳೀಬೇಡಿ, ನಾವ್ ತಳ್ತೀವಿ.”

ಕಾದ ತಗಡಿಗೆ ಅಂಗೈ ಒತ್ತಿ ನಾನೂ ಅವಳೂ ತಳ್ಳಿದೆವು. ಇಳಿಜಾರಿನಲ್ಲಿ ಎಂಜಿನ್ ಹತ್ತಿಕೊಂಡಿತು.

ಅಪ್ಪ ನಿಲ್ಲಿಸಲೇ ಇಲ್ಲ. ಬೀದಿ ಸುತ್ತಿ ಮನೆ ಮುಂದೆ ಬಂದಾಗಲೆಲ್ಲ, “ನಿಲ್ಲಿಸಿದ್ರೆ ಮತ್ತೆ ಹೊರಡಲ್ಲ ಕಣೇ!” ಎಂದು ಕೂಗುತ್ತಿದ್ದರು.

ಸಂಜೆ ಡೀಸೆಲ್ ಮುಗಿದು ಗಾಡಿ ನಿಂತಿತು. ಆಗಲೂ ಅಪ್ಪ, ಇನ್ನೂ ಓಡಿಸುತ್ತಿರುವವರಂತೆ ರಸ್ತೆ ನೋಡುತ್ತಾ, ಸ್ಟಿಯರಿಂಗ್ ಬಿಡಲಿಲ್ಲ. ಅಮ್ಮ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.