ಕೆರೆಯಲ್ಲಿ ಬಿಟ್ಟು ಬಂದ ದಂಟು

ಪಪ್ಪಾಯಿ ಎಲೆ ಮುರಿದಾಗ ಬರುವ ಹಾಲಿನ ವಾಸನೆಗೆ ಈಗಲೂ ಹಾನಗಲ್ಲಿನ ಕೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅದರಲ್ಲಿ ಕಂಡದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ಆಣೆ ಮಾಡಿ ಹೇಳಲಾರೆ.

ಎರಡು ಲಾರಿ ಟ್ಯೂಬುಗಳ ಮೇಲೆ ಹಲಗೆ ಬಿಗಿದ ತೆಪ್ಪದಲ್ಲಿ ಸೋದರಮಾವ, ಅಕ್ಕ, ನಾನು ಹೊರಟಿದ್ದೆವು. ಹಿಂದಿನ ವರ್ಷ ಆ ಕೆರೆಯಲ್ಲೇ ಮುಳುಗಿ ಸತ್ತ ತನ್ನ ತಮ್ಮನಿಗೆ ಮಾವ ನೀರಿನಲ್ಲಿ ಎಡೆ ಬಿಡಬೇಕಿತ್ತು. ಆಮೇಲೆ ನಮ್ಮ ಊಟ. ರೊಟ್ಟಿ, ಎಣಗಾಯಿಯ ಗಂಟು ನನ್ನ ತೊಡೆಯ ಮೇಲೆ ಬೆಚ್ಚಗಿತ್ತು.

"ಈಜಾಕ ಬರದಾಂವ ಬುತ್ತಿ ಕಾಯ್ಕೋಂತ ಕೂಡು," ಎಂದು ಅಕ್ಕ ನನ್ನನ್ನು ಅಣಕಿಸಿ, ಟೊಳ್ಳಾದ ಪಪ್ಪಾಯಿ ದಂಟನ್ನು ಬಾಯಲ್ಲಿ ಕಚ್ಚಿಕೊಂಡು ನೀರಿನೊಳಗೆ ಇಳಿದಳು. ದಂಟಿನ ತುದಿಯಷ್ಟೇ ಮೇಲೆ ಉಳಿಯಿತು. ಅದರಿಂದ ಅವಳ ಉಸಿರು ಬುಸ್ ಬುಸ್ ಎಂದು ಕೇಳುತ್ತಿತ್ತು.

ಮಾವ ಮೊದಲ ತುತ್ತನ್ನು ನೀರಿಗೆ ಬಿಟ್ಟ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ತೆಪ್ಪ ವಾಲಿತು. ಅಕ್ಕ ಕೆಮ್ಮುತ್ತ ಹತ್ತುತ್ತಿದ್ದಳು.

"ದಂಟ ಬಾಯಿಂದ ಜಾರಿ ಹೋತು ಮಾಮಾ. ನೀರ ಕುಡದೆ."

ದಂಟು ನಮ್ಮ ಎದುರಿಗೇ ನೆಟ್ಟಗೆ ನಿಂತಿತ್ತು. ಬುಸ್ ಬುಸ್ ಎನ್ನುತ್ತಲೇ ಇತ್ತು.

"ಕೆಸರಾಗ ನಟ್ಟಿರಬೇಕು. ಗಾಳಿ ಬರಾಕತ್ತೇತಿ," ಎಂದಳು ಅಕ್ಕ. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಕಿತ್ತುಕೊಳ್ಳಲು ಕೈ ಚಾಚಿದಳು.

ಮಾವ ಆ ಕೈ ಹಿಡಿದ. ಬಹಳ ಹೊತ್ತು ದಂಟನ್ನೇ ನೋಡಿ, ತೆಪ್ಪವನ್ನು ದಡದ ಕಡೆ ತಿರುಗಿಸಿದ.

"ಇರ್ಲಿ ಬಿಡವಾ," ಎಂದ ಮೆಲ್ಲಗೆ. "ವರ್ಷ ಆತು ಅಂವಗ ಉಸಿರ ಕಟ್ಟಿ. ಒಂದೀಟ ಆಡ್ಲಿ."