ಬ್ರಾಂದಿ ಮದ್ದು

“ಬ್ರಾಂದಿ ಬೇಕು, ಈಗಲೇ,” ಎಂದರು ಊರಿನ ಆಸ್ಪತ್ರೆಯ ಡಾಕ್ಟರು. ಮಂಚದ ಮೇಲೆ ಅವಳ ಗಂಡ ಕಣ್ಣು ಕಾಣುತ್ತಿಲ್ಲವೆಂದು ನರಳುತ್ತಿದ್ದ.

ಅವಳು ಸಿಡಿದಳು. “ಇಪ್ಪತ್ತು ವರ್ಷ ಕುಡ್ದು ಕುಡ್ದು ನನ್ ಬಾಳು ಹಾಳು ಮಾಡವ್ನೆ. ಈಗ್ಲೂ ಅದ್ನೇ ಬಾಯಿಗೆ ಬಿಡ್ಬೇಕಾ? ನೀವು ಡಾಕ್ಟ್ರೋ, ಸಾರಾಯಿ ಮಾರೋರೋ?”

“ಇವ್ರು ಕುಡಿದಿರೋದು ಪೇಂಟಿಗೆ ಬೆರೆಸೋ ಸ್ಪಿರಿಟ್ಟಮ್ಮ. ಲಿವರಿನಲ್ಲಿ ಅದು ಆಸಿಡ್ ಆಗಿ ಕಣ್ಣು ಸುಡ್ತಿದೆ. ಬ್ರಾಂದಿ ಕೊಟ್ರೆ ಲಿವರ್ ಮೊದಲು ಬ್ರಾಂದೀನೇ ಹಿಡ್ಕೊಳುತ್ತೆ, ಸ್ಪಿರಿಟ್ಟು ಹಾಗೇ ಮೂತ್ರದಲ್ಲಿ ಹೋಗುತ್ತೆ.”

“ಬ್ರಾಂದಿ ಬಿಟ್ಟು ಪೇಂಟಿಂದ್ಯಾಕ್ ಕುಡ್ದ, ಮುಂಡೇದು?”

“ಊರಲ್ಲಿರೋ ಒಂದು ಬ್ರಾಂದಿ ಅಂಗಡಿಗೂ ಹೆಂಗಸರ ಸಂಘದೋರು ಬೀಗ ಜಡಿದು ನಾಲ್ಕು ದಿನ ಆಯ್ತಲ್ಲ!” ಡಾಕ್ಟರೂ ರೇಗಿದರು. “ಆ ಬೀಗದ ಕೈ ಯಾರ ಹತ್ರ ಇದೆ, ಬೇಗ ಹೇಳಿ!”

ಅವಳು ಹಲ್ಲು ಕಚ್ಚಿಕೊಂಡು ಸೆರಗಿನ ಗಂಟು ಬಿಚ್ಚಿ, ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿದಳು.